ಯಾವ ಮೋಕಾ? ಹಳೆಯ ಬಂದರೊಂದರ ಹೆಸರು ಹೊತ್ತವುಗಳ ನಾಮಸೂಚಿ ತಯಾರಿಸುವ ಕ್ರಮ

ಕೊಡಗಿನಲ್ಲಿ ಕಾಫಿಯ ಮಾತಿಲ್ಲದೆ ದಿನ ಕಳೆಯುವುದು ಅಪರೂಪವಾದ್ದರಿಂದ ‘ಮೋಕಾ’ ಎಂಬ ಹೆಸರೂ ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಮಡಿಕೇರಿಯ ಕೆಫೆಗಳ ದರಪಟ್ಟಿಯಲ್ಲಿ ಅದು ಚಾಕೊಲೇಟ್ ಬೆರೆತ ಪಾನೀಯವಾಗಿರುತ್ತದೆ. ಕಾಫಿಯ ಚರಿತ್ರೆ ಹೇಳುವಾಗ ಬಾಬಾ ಬುಡನ್ ಬೀಜ ತಂದರೆನ್ನುವ ಊರಾಗಿರುತ್ತದೆ. 2023ರ ಮೇ ತಿಂಗಳ ಪತ್ರಿಕೆಗಳಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತವಾಗಿತ್ತು. ಬಟ್ಟೆ ಅಂಗಡಿಯಲ್ಲಿ ಒಂದು ಬಗೆಯ ಕಂದು ಬಣ್ಣವಾಗುತ್ತದೆ. ಹೋಂಸ್ಟೇಗೆ ಬಂದ ಅತಿಥಿಯೋ ಪ್ರೌಢಶಾಲೆಯ ವಿದ್ಯಾರ್ಥಿಯೋ ‘ಮೋಕಾ ಎಂದರೇನು?’ ಎಂದು ಕೇಳಿದಾಗ ಒಂದೇ ಉತ್ತರ ಕೊಟ್ಟು ಸುಮ್ಮನಾದರೆ, ಕೇಳಿದವರಿಗೆ ಬೇಕಾದದ್ದು ಸಿಕ್ಕಿತೋ ಇಲ್ಲವೋ ತಿಳಿಯುವುದೇ ಇಲ್ಲ.

ಇಂಥ ಹೆಸರುಗಳಿಗೆ ಒಂದು ನಾಮಸೂಚಿ ಮಾಡಿಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಒಂದೇ ಹೆಸರಿನಿಂದ ಕರೆಯಲ್ಪಡುವ ಬೇರೆ ಬೇರೆ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದೂ ಏನು, ಆ ಹೆಸರು ಅದಕ್ಕೆ ಹೇಗೆ ಬಂತು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ತಿಳಿಸುವ ಪಟ್ಟಿಯೇ ನಾಮಸೂಚಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಮೇಲ್ವಿಚಾರಕರು, ಶಾಲೆಯ ಶಿಕ್ಷಕರು, ಕಾಫಿ ತೋಟ ತೋರಿಸಿ ವಿವರಿಸುವ ಹೋಂಸ್ಟೇ ಮಾಲೀಕರು, ಕನ್ನಡದಲ್ಲಿ ವಿಶ್ವಕೋಶದ ಪುಟಗಳನ್ನು ಬರೆಯುವ ಆಸಕ್ತರು, ಇವರೆಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ಅದನ್ನು ಮಾಡುವ ಕ್ರಮವನ್ನು ಮೋಕಾದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಿದ್ದೇನೆ. ಅಲೆಕ್ಸಾಂಡ್ರಿಯಾ, ಟ್ರಾಯ್, ಮೆಂಫಿಸ್‌ಗಳಂತಹ ಪ್ರಾಚೀನ ನಗರಗಳ ಹೆಸರಿಗೂ ಇದೇ ಕ್ರಮ ಸಾಕಾಗುತ್ತದೆ.

ಮೊದಲು ಊರನ್ನು ಸರಿಯಾಗಿ ತಿಳಿಯಬೇಕು

ನಾಮಸೂಚಿ ಮಾಡುವವರು ಸಾಮಾನ್ಯವಾಗಿ ಎಲ್ಲ ಅರ್ಥಗಳನ್ನೂ ಒಟ್ಟಿಗೆ ಸಂಗ್ರಹಿಸಲು ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ದಿನದ ಕೆಲಸವೆಲ್ಲ ಮೂಲ ಊರಿನ ಬಗ್ಗೆಯೇ ಇರಬೇಕು, ಏಕೆಂದರೆ ಆ ಊರು ಎಲ್ಲಿತ್ತು, ಏನು ಮಾಡುತ್ತಿತ್ತು, ಯಾವಾಗ ಏಳಿಗೆಗೆ ಬಂದು ಯಾವಾಗ ಇಳಿಯಿತು ಎಂಬುದು ಗೊತ್ತಿದ್ದರೆ ಮಾತ್ರ ಮುಂದೆ ಸಿಗುವ ಪ್ರತಿಯೊಂದು ವಸ್ತುವಿಗೂ ಅದಕ್ಕೂ ಸಂಬಂಧ ಇರಲು ಸಾಧ್ಯವೇ ಎಂದು ತೂಗಿ ನೋಡಬಹುದು.

ಮೋಕಾ ಯೆಮನ್ ದೇಶದ ಕೆಂಪು ಸಮುದ್ರದ ದಡದಲ್ಲಿ, ಬಾಬ್ ಎಲ್ ಮಂದೆಬ್ ಜಲಸಂಧಿಗೆ ಹತ್ತಿರದಲ್ಲಿರುವ ಬಂದರು ಊರು. ಅರಬ್ಬರು ಅದನ್ನು ‘ಅಲ್ ಮಖಾ’ ಎನ್ನುತ್ತಾರೆ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನೌಕಾ ಕೈಪಿಡಿಯೊಂದರಲ್ಲಿ ಇದೇ ಕರಾವಳಿಯ ‘ಮೂಜಾ’ ಎಂಬ ಬಂದರಿನ ವರ್ಣನೆಯಿದ್ದು, ಅದು ಈಗಿನ ಮೋಕಾದ ಆಸುಪಾಸಿನಲ್ಲಿತ್ತೆಂದು ವಿದ್ವಾಂಸರು ಗುರುತಿಸುತ್ತಾರೆ. ಊರಿಗೆ ಪ್ರಸಿದ್ಧಿ ಬಂದದ್ದು ಮಾತ್ರ ಕಾಫಿಯ ಕಾಲದಲ್ಲಿ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಯೆಮನ್‌ನ ಕಾಫಿ ಹೊರಗೆ ಹೋಗಲು ಇದು ಮುಖ್ಯ ದ್ವಾರವಾಗಿತ್ತು. 1616ರಲ್ಲಿ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕ್ ಇಲ್ಲಿಗೆ ಬಂದಿದ್ದ. ಮುಂದೆ ಡಚ್ಚರೂ ಇಂಗ್ಲಿಷರೂ ಇಲ್ಲಿ ವ್ಯಾಪಾರದ ಕೋಠಿಗಳನ್ನು ತೆರೆದರು. ಕಾಫಿ ಕುಡಿಯುವ ರೂಢಿಯನ್ನು ಹರಡಿದವರಲ್ಲಿ ಒಬ್ಬರೆಂದು ಹೇಳಲಾಗುವ ಸೂಫಿ ಸಂತ ಅಲಿ ಇಬ್ನ್ ಉಮರ್ ಅಲ್ ಶಾಧಿಲಿ ಅವರ ಹೆಸರಿನ ಮಸೀದಿ ಈಗಲೂ ಆ ಊರಿನಲ್ಲಿದೆ.

ಕಾಫಿ ಬೆಳೆಯುವ ನಾಡಿನವರಾದ ನಾವು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮೋಕಾ ಊರಿನಲ್ಲಿ ಕಾಫಿ ಬೆಳೆಯುತ್ತಿರಲಿಲ್ಲ. ಅದು ಸುಡು ಬಿಸಿಲಿನ, ಒಣ ಮರಳಿನ ಕರಾವಳಿ. ಗಿಡಗಳಿದ್ದದ್ದು ಒಳನಾಡಿನ ಎತ್ತರದ ಬೆಟ್ಟಗಳ ಮೆಟ್ಟಿಲು ಹೊಲಗಳಲ್ಲಿ. ಬೆಟ್ಟದಿಂದಿಳಿದ ಕಾಫಿ ಬೈತ್ ಅಲ್ ಫಕೀಹ್ ಎಂಬ ಪೇಟೆಯಲ್ಲಿ ಸೇರಿ, ಅಲ್ಲಿ ಬೆಲೆ ಕುದುರಿ, ನಂತರ ಒಂಟೆಗಳ ಮೇಲೆ ಬಂದರಿಗೆ ಬರುತ್ತಿತ್ತು. ಹಡಗಿಗೆ ಹತ್ತಿದ ಊರಿನ ಹೆಸರು ಬೀಜಕ್ಕೆ ಅಂಟಿಕೊಂಡಿತು, ಬೆಳೆದ ಬೆಟ್ಟದ ಹೆಸರು ಅಂಟಲಿಲ್ಲ. ಡಚ್ಚರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಕಾಫಿ ಬೆಳೆಸಲು ತೊಡಗಿದ ಮೇಲೆ ಯೆಮನ್‌ನ ಏಕಸ್ವಾಮ್ಯ ಮುರಿಯಿತು; 1839ರಲ್ಲಿ ಬ್ರಿಟಿಷರು ಏಡನ್ ಹಿಡಿದುಕೊಂಡ ನಂತರ ವ್ಯಾಪಾರವೂ ಆ ಕಡೆಗೆ ಸರಿದು ಮೋಕಾ ಸೊರಗಿತು. ಊರು ಸೊರಗಿದರೂ ಹೆಸರು ಮಾತ್ರ ಬೇರೆ ಬೇರೆ ವಸ್ತುಗಳ ಮೇಲೆ ಉಳಿದುಕೊಂಡಿತು.

ಈ ಎರಡು ಸಂಗತಿಗಳನ್ನು, ಅಂದರೆ ಮೋಕಾ ರಫ್ತಿನ ಬಂದರಾಗಿತ್ತು ಮತ್ತು ಅದರ ಉತ್ತುಂಗ ಹದಿನೆಂಟನೆಯ ಶತಮಾನದೊಳಗೇ ಮುಗಿಯುತ್ತ ಬಂದಿತ್ತು ಎಂಬುದನ್ನು, ಹಾಳೆಯ ತಲೆಯಲ್ಲಿಯೇ ಬರೆದಿಟ್ಟುಕೊಳ್ಳಿರಿ.

ಕಾಗುಣಿತದ ರೂಪಗಳನ್ನೆಲ್ಲ ಮುಂದಿಟ್ಟುಕೊಳ್ಳುವುದು

ಅರಬ್ಬಿಯ ‘ಖ’ಕಾರ ಯುರೋಪಿನ ಬರವಣಿಗೆಗೆ ಹೋಗಿ, ಅಲ್ಲಿಂದ ಮುದ್ರಿತ ಅಕ್ಷರದ ಮೂಲಕ ಕನ್ನಡಕ್ಕೆ ಬಂದದ್ದರಿಂದ ಒಂದೇ ಹೆಸರು ಮೋಕಾ, ಮೋಖಾ, ಮೊಕಾ, ಮೊಕ್ಕ, ಮೋಚಾ ಎಂದು ಹಲವು ವೇಷಗಳಲ್ಲಿ ಸಿಗುತ್ತದೆ. ಚಂಡಮಾರುತದ ಸುದ್ದಿಯನ್ನು ಹಲವು ಕನ್ನಡ ಪತ್ರಿಕೆಗಳು ‘ಮೋಚಾ’ ಎಂದೇ ಅಚ್ಚು ಹಾಕಿದ್ದವು. ‘ಮೋಕಾ’ ಎಂದು ಮಾತ್ರ ಹುಡುಕುವವರಿಗೆ ಆ ಸುದ್ದಿಗಳು ಸಿಗುವುದಿಲ್ಲ. ಆದ್ದರಿಂದ ಹುಡುಕಾಟ ಆರಂಭಿಸುವ ಮುನ್ನವೇ ರೂಪಗಳನ್ನೆಲ್ಲ ಒಂದು ಸಾಲಿನಲ್ಲಿ ಬರೆದುಕೊಂಡು, ಪ್ರತಿಯೊಂದರಿಂದಲೂ ಹುಡುಕಿ, ನಾಮಸೂಚಿಯಲ್ಲಿ ಒಂದೇ ರೂಪವನ್ನು ಮುಖ್ಯವಾಗಿ ಆರಿಸಿಕೊಂಡು ಉಳಿದವನ್ನು ‘ಹೀಗೂ ಬರೆಯುತ್ತಾರೆ’ ಎಂದು ನಮೂದಿಸುವುದು ಉಚಿತ.

ಇದರಿಂದ ಒಂದು ತೊಡಕೂ ಹುಟ್ಟುತ್ತದೆ. ಸಂಸ್ಕೃತದಲ್ಲಿ ‘ಮೋಚಾ’ ಎಂದರೆ ಬಾಳೆ. ಬಂಗಾಳಿಗಳು ಬಾಳೆಯ ಹೂವನ್ನು ಇಂದಿಗೂ ಮೋಚಾ ಎಂದೇ ಕರೆದು ಪಲ್ಯ ಮಾಡುತ್ತಾರೆ. ‘ಮೋಚಾ’ ರೂಪದಿಂದ ಹುಡುಕಿದಾಗ ಅದೂ ಬಲೆಗೆ ಬೀಳುತ್ತದೆ. ಅದಕ್ಕೂ ಯೆಮನ್ ಬಂದರಿಗೂ ಸಂಬಂಧವಿಲ್ಲ. ಆದರೂ ಓದುಗರು ಎಡವುವ ಸಾಧ್ಯತೆ ಇರುವುದರಿಂದ ಅದನ್ನು ಕೈಬಿಡದೆ, ಪಟ್ಟಿಯ ಕೊನೆಯಲ್ಲಿ ‘ಧ್ವನಿಸಾಮ್ಯ ಮಾತ್ರ’ ಎಂಬ ತಲೆಬರಹದ ಕೆಳಗೆ ಇಡಬೇಕು.

ಹೆಸರು ಬಂದ ದಾರಿಯನ್ನು ಕೇಳುವುದು

ಇದು ಇಡೀ ಕೆಲಸದ ಹೃದಯಭಾಗ. ಸಂಗ್ರಹಿಸಿದ ಪ್ರತಿಯೊಂದು ವಸ್ತುವಿನ ಮುಂದೆಯೂ ಒಂದೇ ಪ್ರಶ್ನೆ ಹಾಕಿಕೊಳ್ಳಬೇಕು: ಈ ಹೆಸರು ನೇರವಾಗಿ ಊರಿನಿಂದ ಬಂತೇ, ಊರಿನ ಹೆಸರು ಹೊತ್ತ ಇನ್ನೊಂದು ವಸ್ತುವಿನಿಂದ ಬಂತೇ, ಊರನ್ನು ನೆನೆದು ಯಾರಾದರೂ ಬೇಕೆಂದೇ ಇಟ್ಟರೇ, ಅಥವಾ ಧ್ವನಿ ಮಾತ್ರ ಒಂದೇ ಆಗಿದೆಯೇ? ವಿಷಯವಾರು ವಿಂಗಡಣೆಗಿಂತ, ಅಂದರೆ ಆಹಾರ, ಸ್ಥಳ, ತಂತ್ರಜ್ಞಾನ ಎಂದು ಗುಂಪು ಮಾಡುವುದಕ್ಕಿಂತ, ದಾರಿಯ ಪ್ರಕಾರ ವಿಂಗಡಿಸುವುದೇ ಮೇಲೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ವಿಷಯವಾರು ಪಟ್ಟಿ ವಸ್ತುಗಳನ್ನು ಬೇರ್ಪಡಿಸುತ್ತದೆ ಅಷ್ಟೇ, ದಾರಿಯ ಪಟ್ಟಿ ಅವುಗಳ ನಡುವಿನ ಸಂಬಂಧವನ್ನೂ ತೋರಿಸುತ್ತದೆ.

ನೇರವಾಗಿ ಬಂದವುಗಳಲ್ಲಿ ಕಾಫಿಯೇ ಮೊದಲನೆಯದು. ಇಲ್ಲಿಯೂ ಎರಡು ಅರ್ಥಗಳನ್ನು ಬಿಡಿಸಿ ಹೇಳಬೇಕು. ಹಳೆಯ ವ್ಯಾಪಾರದಲ್ಲಿ ‘ಮೋಕಾ ಕಾಫಿ’ ಎಂದರೆ ಆ ಬಂದರಿನಿಂದ ಬಂದ ಯೆಮನ್‌ನ ಕಾಫಿ. ಅದನ್ನು ಜಾವಾದ ಕಾಫಿಯೊಂದಿಗೆ ಬೆರೆಸಿದ ‘ಮೋಕಾ ಜಾವಾ’ ಎಂಬ ಮಿಶ್ರಣವೂ ಬಹಳ ಹಳೆಯದು. ಸಸ್ಯದ ಲೆಕ್ಕದಲ್ಲಿ ‘ಮೊಕ್ಕ’ ಎಂಬುದು ಅರೇಬಿಕಾ ಎಂಬ ಕಾಫಿ ಜಾತಿಯ ಒಂದು ತಳಿ; ಗಿಡ ಕುಳ್ಳು, ಬೀಜ ಬಹಳ ಚಿಕ್ಕದು ಮತ್ತು ಬಹುಮಟ್ಟಿಗೆ ಉರುಟು. ನಮ್ಮ ಬೆಳೆಗಾರರು ಇಲ್ಲಿ ಎಚ್ಚರ ವಹಿಸಬೇಕು, ಏಕೆಂದರೆ ಉರುಟು ಬೀಜ ಕಂಡೊಡನೆ ನಮ್ಮ ಬಾಯಿಗೆ ಬರುವ ಪದ ಪೀಬೆರ್ರಿ. ಒಂದು ಹಿಡಿ ಕಾಫಿ ಹಣ್ಣನ್ನು ಅಂಗೈಯಲ್ಲಿ ಹಿಚುಕಿ ನೋಡಿದರೆ ಹೆಚ್ಚಿನವುಗಳಲ್ಲಿ ಚಪ್ಪಟೆ ಮೈಯನ್ನು ಒಂದಕ್ಕೊಂದು ತಾಗಿಸಿಕೊಂಡ ಎರಡು ಬೀಜಗಳಿರುತ್ತವೆ. ಎಲ್ಲೋ ಒಂದೊಂದರಲ್ಲಿ ಒಂದು ಬೀಜ ಬೆಳೆಯದೆ ಹೋಗಿ, ಉಳಿದೊಂದು ಜಾಗ ಸಿಕ್ಕಿದ್ದರಿಂದ ದುಂಡಗಾಗಿರುತ್ತದೆ. ಅದೇ ಪೀಬೆರ್ರಿ. ಅದು ಯಾವ ತಳಿಯಲ್ಲಿಯೂ, ಇನ್ನೊಂದು ಕಾಫಿ ಜಾತಿಯಾದ ರೋಬಸ್ಟಾದಲ್ಲಿಯೂ, ಕಾಣಿಸಿಕೊಳ್ಳುತ್ತದೆ. ಮೊಕ್ಕ ತಳಿಯ ಬೀಜ ಉರುಟಾಗಿರುವುದು ತಳಿಯ ಗುಣ. ಆದ್ದರಿಂದ ನಾಮಸೂಚಿಯಲ್ಲಿ ‘ಮೊಕ್ಕ: ಉರುಟು ಬೀಜದ ಕಾಫಿ’ ಎಂದಷ್ಟೇ ಬರೆದರೆ ಕೊಡಗಿನ ಓದುಗರು ಅದನ್ನು ಪೀಬೆರ್ರಿ ಎಂದೇ ತಿಳಿಯುತ್ತಾರೆ.

ಬಾಬಾ ಬುಡನ್ ಅವರ ಕಥೆಯೂ ಈ ನಮೂದಿನಲ್ಲಿಯೇ ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಹಜ್ ಯಾತ್ರೆ ಮುಗಿಸಿ ಮರಳುವಾಗ ಅವರು ಮೋಕಾದಿಂದ ಏಳು ಬೀಜಗಳನ್ನು ಅಡಗಿಸಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪ್ರತೀತಿ. ‘ಪ್ರತೀತಿಯಿದೆ’ ಎಂಬ ಪದವನ್ನು ಬಿಡದೆ ಬರೆಯಬೇಕು. ಜನರ ನೆನಪಿನಲ್ಲಿ ಉಳಿದದ್ದನ್ನು ಹಾಗೆಂದೇ ಹೇಳುವುದರಿಂದ ಅದರ ಗೌರವವೇನೂ ಕುಗ್ಗುವುದಿಲ್ಲ. ದಾಖಲೆಯಲ್ಲಿರುವ 1616ರ ಭೇಟಿಯನ್ನೂ ಪರಂಪರೆಯ ಏಳು ಬೀಜಗಳನ್ನೂ ಒಂದೇ ಧಾಟಿಯಲ್ಲಿ ಬರೆದರೆ ಓದುವ ಮಕ್ಕಳಿಗೆ ಎರಡರ ವ್ಯತ್ಯಾಸ ತಿಳಿಯದೆ ಹೋಗುತ್ತದೆ.

ನೇರವಾಗಿ ಬಂದ ಇನ್ನೆರಡು ವಸ್ತುಗಳೆಂದರೆ ಮೋಕಾ ಚರ್ಮ ಮತ್ತು ಮೋಕಾ ಕಲ್ಲು. ಚರ್ಮದ್ದು ಚಿಕ್ಕ ನಮೂದು: ಕೈಗವಸು ಮಾಡಲು ಬಳಸುವ ಮೆತ್ತನೆಯ ಕುರಿಚರ್ಮಕ್ಕೆ ಈ ಹೆಸರಿದೆ. ಕಲ್ಲಿನದು ಹಾಗಲ್ಲ, ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಹಾಲಿನಂತೆ ಅರೆಪಾರದರ್ಶಕವಾದ ಅಕೀಕ್ (ಅಗೇಟ್) ಕಲ್ಲಿನೊಳಗೆ ಕಪ್ಪು ಅಥವಾ ಕಂದು ಬಣ್ಣದ ಸಣ್ಣ ಪೊದೆಗಳು, ಕವಲೊಡೆದ ಕೊಂಬೆಗಳು, ಜರಿಗಿಡದ ಎಲೆಗಳು ಹುದುಗಿದಂತೆ ಕಾಣುತ್ತವೆ. ಬೆಳಕಿಗೆ ಹಿಡಿದು ನೋಡಿದವರು ಅದರೊಳಗೆ ನಿಜವಾದ ಗಿಡವೇ ಸಿಕ್ಕಿಬಿದ್ದಿದೆ ಎಂದು ನಂಬಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಅವು ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಕಲ್ಲಿನ ಸೂಕ್ಷ್ಮ ಸಂದುಗಳಲ್ಲಿ ಹರಡಿ ಹೆಪ್ಪುಗಟ್ಟಿದ ಗುರುತುಗಳು. ಯುರೋಪಿಗೆ ಇವು ಮೋಕಾದ ಮಾರ್ಗವಾಗಿ ಬಂದದ್ದರಿಂದ ‘ಮೋಕಾ ಕಲ್ಲು’ ಎಂದಾದವು, ಆದರೆ ಹಾಗೆ ಮಾರಾಟವಾದವುಗಳಲ್ಲಿ ಭಾರತದ ಕಲ್ಲುಗಳೂ ಇದ್ದವು. ಗುಜರಾತಿನ ಖಂಭಾತ್ ಅಕೀಕ್ ಕೆಲಸಕ್ಕೆ ಶತಮಾನಗಳಿಂದ ಹೆಸರಾದ ಊರು. ಕಾಫಿಯ ಹಾಗೆಯೇ ಇಲ್ಲಿಯೂ ಹುಟ್ಟಿದ ನೆಲ ಒಂದು, ಹೆಸರು ಕೊಟ್ಟ ಬಂದರು ಮತ್ತೊಂದು.

ಈಗ ಎರಡನೆಯ ದಾರಿ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಕುಂಬಾರಿಕೆಯವರು ಒಂದು ಬಗೆಯ ಅಗ್ಗದ ಮಣ್ಣಿನ ಪಾತ್ರೆಗಳನ್ನು ಮಾಡತೊಡಗಿದರು. ಪಾತ್ರೆಯ ಮೇಲಿನ ತೆಳು ಮಣ್ಣಿನ ಲೇಪ ಇನ್ನೂ ಹಸಿಯಾಗಿರುವಾಗ, ಹೊಗೆಸೊಪ್ಪಿನ ಕಷಾಯದಂತಹ ಆಮ್ಲೀಯ ದ್ರವಕ್ಕೆ ಬಣ್ಣ ಬೆರೆಸಿ ಒಂದೊಂದು ತೊಟ್ಟು ಬಿಡುತ್ತಿದ್ದರು. ತೊಟ್ಟು ತಾಗಿದೊಡನೆ ಬಣ್ಣ ತಾನಾಗಿಯೇ ಕವಲೊಡೆದು ಮರದಾಕಾರದಲ್ಲಿ ಹರಡುತ್ತಿತ್ತು. ಆ ಚಿತ್ತಾರ ಮೋಕಾ ಕಲ್ಲಿನೊಳಗಿನ ಚಿತ್ತಾರದಂತಿದ್ದುದರಿಂದ ಪಾತ್ರೆಗಳಿಗೂ ಅದೇ ಹೆಸರು ಬಂತು. ಕಾಫಿಗೂ ಈ ಪಾತ್ರೆಗಳಿಗೂ ಸಂಬಂಧವಿಲ್ಲ. ಬಂದರಿನಿಂದ ಕಲ್ಲಿಗೆ, ಕಲ್ಲಿನಿಂದ ಪಾತ್ರೆಗೆ ಹೆಸರು ದಾಟಿದೆ. ‘ಮೋಕಾ ಪಾತ್ರೆ: ಕಾಫಿ ಕುಡಿಯುವ ಪಾತ್ರೆ’ ಎಂದು ಊಹಿಸಿ ಬರೆಯುವವರನ್ನು ತಡೆಯುವುದು ಈ ದಾರಿಯ ಪ್ರಶ್ನೆಯೇ.

ಕಾಫಿಯಿಂದ ಮುಂದಕ್ಕೆ ದಾಟಿದ ಹೆಸರುಗಳು ಇನ್ನೂ ಹೆಚ್ಚು. ಎಸ್ಪ್ರೆಸೊ, ಹಾಲು, ಚಾಕೊಲೇಟ್ ಸೇರಿದ ಪಾನೀಯ ಇವತ್ತು ಮೋಕಾ ಎಂದೊಡನೆ ಹೆಚ್ಚಿನವರು ನೆನೆಯುವ ವಸ್ತು. ಯೆಮನ್‌ನ ಕಾಫಿಯ ರುಚಿಯಲ್ಲಿ ಚಾಕೊಲೇಟಿನ ಛಾಯೆ ಇದೆಯೆಂಬ ಖ್ಯಾತಿಯನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಜರ್ಮನ್ ಭಾಷಿಕರ ನಡುವೆ ಅದೇ ಹೆಸರು ಚಿಕ್ಕ ಬಟ್ಟಲಿನ ಗಟ್ಟಿ ಕಪ್ಪು ಕಾಫಿಗೆ ಸಲ್ಲುತ್ತದೆ, ಅದರಲ್ಲಿ ಚಾಕೊಲೇಟ್ ಇರುವುದಿಲ್ಲ. ಹೊರದೇಶದ ಅತಿಥಿಗಳು ಬರುವ ಹೋಂಸ್ಟೇಗಳಲ್ಲಿ ಈ ಎರಡನ್ನೂ ನಮೂದಿಸಿಟ್ಟುಕೊಂಡರೆ ಅನುಕೂಲ.

ಮೊಕಾ ಪಾಟ್‌ನ ನಮೂದನ್ನು ಕೊಂಚ ವಿವರವಾಗಿಯೇ ಬರೆಯಬೇಕು, ಏಕೆಂದರೆ ಅದು ಈಗ ನಮ್ಮ ಅಡುಗೆಮನೆಗಳಿಗೂ ಬರುತ್ತಿದೆ. ಇಟಲಿಯ ಅಲ್ಫೋನ್ಸೊ ಬಿಯಾಲೆಟ್ಟಿ 1933ರಲ್ಲಿ ಹೊರತಂದ ಅಲ್ಯೂಮಿನಿಯಂ ಪಾತ್ರೆ ಅದು. ಕೆಳಗಿನ ಕೋಣೆಯಲ್ಲಿ ನೀರು, ನಡುವಿನ ಬಟ್ಟಲಿನಲ್ಲಿ ಕಾಫಿ ಪುಡಿ, ಮೇಲೆ ಡಿಕಾಕ್ಷನ್ ಸೇರುವ ಕೋಣೆ. ಒಲೆಯ ಮೇಲಿಟ್ಟಾಗ ಕೆಳಗೆ ಏರುವ ಒತ್ತಡ ಬಿಸಿನೀರನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ಕೆಳಗೆ ಇಳಿಯುತ್ತದೆ, ಮೊಕಾ ಪಾಟ್‌ನಲ್ಲಿ ಒತ್ತಡದಿಂದ ಮೇಲಕ್ಕೆ ಏರುತ್ತದೆ. ಅದರಲ್ಲಿ ಚಾಕೊಲೇಟ್ ಪಾನೀಯ ತಯಾರಾಗುತ್ತದೆಂಬ ತಪ್ಪು ತಿಳಿವಳಿಕೆ ಬಾರದಂತೆ ಒಂದು ವಾಕ್ಯ ಸೇರಿಸುವುದು ಲೇಸು.

ಬಣ್ಣದ ಹೆಸರು ಪಾನೀಯದಿಂದ ಬಂದದ್ದು. ಪ್ಯಾಂಟೋನ್ ಸಂಸ್ಥೆ 2025ರ ವರ್ಷದ ಬಣ್ಣವಾಗಿ ‘ಮೋಕಾ ಮೂಸ್’ ಎಂಬ ಕಂದು ಛಾಯೆಯನ್ನು ಆರಿಸಿದ ಮೇಲೆ ಅದರ ಬಳಕೆ ಇನ್ನಷ್ಟು ಹೆಚ್ಚಿತು. ಕಂಪ್ಯೂಟರ್ ಪಾಠ ಓದುವ ಮಕ್ಕಳಿಗಾಗಿ ಇನ್ನೊಂದು ನಮೂದು ಬೇಕು: 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆಯನ್ನು ಮೊದಲು ‘ಮೋಕಾ’ ಎಂದೂ, ಆಮೇಲೆ ‘ಲೈವ್‌ಸ್ಕ್ರಿಪ್ಟ್’ ಎಂದೂ ಕರೆದು, ಕೊನೆಗೆ ಅದೇ ವರ್ಷ ‘ಜಾವಾಸ್ಕ್ರಿಪ್ಟ್’ ಎಂಬ ಹೆಸರನ್ನು ಸ್ಥಿರಗೊಳಿಸಲಾಯಿತು. ಅದೇ ಭಾಷೆಯ ಪ್ರೋಗ್ರಾಮುಗಳನ್ನು ಪರೀಕ್ಷಿಸುವ ಒಂದು ಸಾಧನಕ್ಕೂ ಮೋಕಾ ಎಂಬ ಹೆಸರಿದೆ. ಇವೆರಡನ್ನೂ ಒಂದೇ ಸಾಲಿನಲ್ಲಿ ತುರುಕಬಾರದು.

ಮೂರನೆಯ ದಾರಿ, ಊರನ್ನು ನೆನೆದು ಬೇಕೆಂದೇ ಇಟ್ಟ ಹೆಸರು. ಚಂಡಮಾರುತವೇ ಇದಕ್ಕೆ ಸ್ಪಷ್ಟವಾದ ಉದಾಹರಣೆ. ಹಿಂದೂ ಮಹಾಸಾಗರದ ಉತ್ತರ ಭಾಗದ ಚಂಡಮಾರುತಗಳಿಗೆ 13 ದೇಶಗಳು ಸೂಚಿಸಿದ ಹೆಸರುಗಳನ್ನು ಸರದಿಯಂತೆ ಇಡಲಾಗುತ್ತದೆ. 2020ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ದೇಶಕ್ಕೆ 13ರಂತೆ 169 ಹೆಸರುಗಳಿವೆ. ಅದರಲ್ಲಿ ಮೋಕಾ ಯೆಮನ್ ಕೊಟ್ಟ ಹೆಸರು. ಆ ಚಂಡಮಾರುತ 2023ರ ಮೇ 14ರಂದು ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದ ಸಿಟ್ವೆ ಬಳಿ ದಡ ಮುಟ್ಟಿತು. ಮಳೆಗಾಲದ ಸುದ್ದಿಯನ್ನು ಎದೆಬಡಿತದಿಂದ ಓದುವ ಕೊಡಗಿನವರಿಗೆ, ವಿಶೇಷವಾಗಿ 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡವರಿಗೆ, ಚಂಡಮಾರುತದ ಹೆಸರು ಕೇಳಿದರೆ ಮೊದಲು ಬೇಕಾಗುವುದು ಅದು ಎಲ್ಲಿ, ಯಾವಾಗ ಎಂಬ ಮಾಹಿತಿ. ಆದ್ದರಿಂದ ಇಂಥ ನಮೂದಿನಲ್ಲಿ ಸ್ಥಳ ಮತ್ತು ತಾರೀಖು ಮೊದಲು ಬರಲಿ, ಹೆಸರಿನ ಮೂಲ ಆಮೇಲೆ ಬರಲಿ.

ಊರುಗಳ ವಿಷಯದಲ್ಲಿ ಅವಸರ ಕೂಡದು

ಒಂದೇ ಹೆಸರಿನ ಇನ್ನೊಂದು ಊರು ಸಿಕ್ಕಿದಾಗ ಅದು ಮೊದಲನೆಯದರ ನೆನಪಿಗೆ ಇಟ್ಟದ್ದೆಂದು ನಂಬುವ ಆಸೆ ಬಲವಾಗಿರುತ್ತದೆ. ಮಾರಿಷಸ್ ದ್ವೀಪದ ಮೊಕಾ ಜಿಲ್ಲೆಗೆ ಹಿಂದೆ ಅಲ್ಲಿ ಬೆಳೆದ ಕಾಫಿಯಿಂದ ಹೆಸರು ಬಂದಿದೆ; ಅದನ್ನು ಎರಡನೆಯ ದಾರಿಯಲ್ಲಿ ಧೈರ್ಯವಾಗಿ ಸೇರಿಸಬಹುದು. ಆದರೆ ಚಿಲಿ ದೇಶದ ಕರಾವಳಿಯಾಚೆ ಇರುವ ಮೋಚಾ ದ್ವೀಪದ ಹೆಸರು ಅಲ್ಲಿನ ಮೂಲನಿವಾಸಿಗಳ ನಾಡಿಗೆ ಸೇರಿದ್ದು. ಅದಕ್ಕೆ ಯೆಮನ್‌ನ ನಂಟಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೇಟೆಗಾರರ ದೋಣಿಗಳನ್ನು ಎದುರಿಸಿ ಹೆಸರಾದ ಬಿಳಿ ತಿಮಿಂಗಿಲವೊಂದಕ್ಕೆ ಆ ದ್ವೀಪದ ಹೆಸರೇ ಅಂಟಿತ್ತು, ಹಾಗಾಗಿ ಆ ತಿಮಿಂಗಿಲವೂ ಧ್ವನಿಸಾಮ್ಯದ ಗುಂಪಿಗೇ ಸೇರುತ್ತದೆ.

ನಮ್ಮ ರಾಜ್ಯದಲ್ಲಿಯೇ, ಬಳ್ಳಾರಿ ತಾಲ್ಲೂಕಿನಲ್ಲಿ, ಮೋಕಾ ಎಂಬ ಊರಿದೆ. ಕನ್ನಡ ನಾಮಸೂಚಿಯಲ್ಲಿ ಅದಕ್ಕೆ ಖಂಡಿತ ಜಾಗ ಇರಬೇಕು. ಬಳ್ಳಾರಿ ಕಡೆಯಿಂದ ಕೊಡಗಿಗೆ ವರ್ಗವಾಗಿ ಬಂದ ನೌಕರರಿಗೆ ಮೋಕಾ ಎಂದರೆ ಆ ಊರೇ. ಅದನ್ನು ‘ಬಳ್ಳಾರಿ ತಾಲ್ಲೂಕಿನ ಊರು’ ಎಂದು ಬರೆದು ಅಲ್ಲಿಗೆ ನಿಲ್ಲಿಸಬೇಕು. ಕಾಫಿಗೂ ಆ ಬಯಲುಸೀಮೆಯ ಊರಿಗೂ ಗಂಟು ಹಾಕುವ ಕಥೆ ಕಟ್ಟಬಾರದು.

ಬೇರೆ ನಗರಗಳ ಹೆಸರಿನ ಮೇಲೆ ಕೆಲಸ ಮಾಡುವವರಿಗೆ ಇದೇ ಬಗೆಯ ಇನ್ನೊಂದು ಬಲೆಯನ್ನು ತೋರಿಸುತ್ತೇನೆ. ಚಿನ್ನದ ಅಂತರರಾಷ್ಟ್ರೀಯ ದರವನ್ನು ‘ಟ್ರಾಯ್ ಔನ್ಸ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಟ್ರಾಯ್ ಔನ್ಸ್ ಎಂದರೆ ಸುಮಾರು 31.1 ಗ್ರಾಂ. ಇದನ್ನು ಮರದ ಕುದುರೆಯ ಕಥೆಯ ಟ್ರಾಯ್ ನಗರಕ್ಕೆ, ಅಂದರೆ ಈಗಿನ ತುರ್ಕಿಯ ಹಿಸಾರ್ಲಿಕ್ ದಿಬ್ಬಕ್ಕೆ, ಸೇರಿಸಿಬಿಡುವುದು ಸುಲಭ. ಆದರೆ ಈ ತೂಕದ ಹೆಸರು ಮಧ್ಯಯುಗದಲ್ಲಿ ದೊಡ್ಡ ಜಾತ್ರೆಗಳಿಗೆ ಹೆಸರಾಗಿದ್ದ ಫ್ರಾನ್ಸಿನ ತ್ರುವಾ ಪಟ್ಟಣದಿಂದ ಬಂದದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಗುರುಗ್ರಹದ ಕಕ್ಷೆಯಲ್ಲಿಯೇ ಸೂರ್ಯನನ್ನು ಸುತ್ತುವ ‘ಟ್ರೋಜನ್’ ಕ್ಷುದ್ರಗ್ರಹಗಳಾದರೋ ನಿಜವಾಗಿಯೂ ಆ ಪ್ರಾಚೀನ ನಗರದ ಯುದ್ಧವನ್ನೇ ನೆನೆಯುತ್ತವೆ. ಅವುಗಳಲ್ಲಿ ಮೊದಲನೆಯದನ್ನು 1906ರಲ್ಲಿ ಮ್ಯಾಕ್ಸ್ ವುಲ್ಫ್ ಕಂಡುಹಿಡಿದು, ಅದಕ್ಕೆ ಅಕಿಲಿಸ್ ಎಂಬ ಯೋಧನ ಹೆಸರಿಡಲಾಯಿತು.

ನಮೂದನ್ನು ಬರೆಯುವ ರೀತಿ

ನಮೂದು ಚಿಕ್ಕದಾಗಿರಬೇಕು, ಆದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವಷ್ಟು ಮಾಹಿತಿ ಅದರಲ್ಲಿರಬೇಕು. ‘ಮೋಕಾ: ಒಂದು ಬಗೆಯ ಕಾಫಿ’ ಎಂಬ ವಾಕ್ಯ ಬಂದರಿನ ಕಾಫಿಗೂ ತಳಿಗೂ ಪಾನೀಯಕ್ಕೂ ಸಮನಾಗಿ ಹೊಂದುತ್ತದೆ, ಹಾಗಾಗಿ ಯಾವುದಕ್ಕೂ ಪ್ರಯೋಜನವಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಮೋಕಾ, ಪಾನೀಯ: ಎಸ್ಪ್ರೆಸೊ, ಹಾಲು ಮತ್ತು ಚಾಕೊಲೇಟ್ ಬೆರೆಸಿ ಮಾಡುವ ಕಾಫಿ. ಹೆಸರು ಯೆಮನ್‌ನ ಮೋಕಾ ಕಾಫಿಯಿಂದ ಬಂದಿದೆ. ಇದನ್ನು ಮಾಡಲು ಮೊಕ್ಕ ತಳಿಯ ಬೀಜವೇ ಬೇಕೆಂದಿಲ್ಲ.’ ಮೊದಲ ವಾಕ್ಯ ವಸ್ತುವನ್ನು ಹೇಳುತ್ತದೆ, ಎರಡನೆಯದು ದಾರಿಯನ್ನು ಹೇಳುತ್ತದೆ, ಮೂರನೆಯದು ಓದುಗರು ಎಡವುವ ಜಾಗವನ್ನು ತೋರಿಸುತ್ತದೆ. ಮೂರನೆಯ ವಾಕ್ಯ ಎಲ್ಲ ನಮೂದುಗಳಿಗೂ ಬೇಕಾಗುವುದಿಲ್ಲ. ನಿಮ್ಮ ಊರಿನ ಓದುಗರು ಎಲ್ಲಿ ಗೊಂದಲಗೊಳ್ಳುತ್ತಾರೆಂಬುದನ್ನು ಬಲ್ಲವರು ನೀವೇ.

ಅನುಕ್ರಮದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಹೆಚ್ಚು ಜನ ಹುಡುಕುವ ಅರ್ಥ ಮೊದಲು ಬರಲಿ ಎಂಬುದು ಒಂದು ವಾದ. ಆ ಪ್ರಕಾರ ಚಾಕೊಲೇಟ್ ಪಾನೀಯವೇ ತಲೆಯಲ್ಲಿ ಕೂರಬೇಕಾಗುತ್ತದೆ. ನಾನು ಊರನ್ನೇ ಮೊದಲು ಇಡುತ್ತೇನೆ, ಏಕೆಂದರೆ ಅದನ್ನು ಓದದೆ ಉಳಿದ ನಮೂದುಗಳ ಎರಡನೆಯ ವಾಕ್ಯ ಅರ್ಥವಾಗುವುದಿಲ್ಲ. ಊರಿನ ನಂತರ ಕೊಡಗಿನ ಓದುಗರಿಗೆ ಹತ್ತಿರವಾದ ಕಾಫಿ, ಪಾನೀಯ, ಪಾತ್ರೆಗಳು, ಆಮೇಲೆ ಚಂಡಮಾರುತ, ಕಂಪ್ಯೂಟರ್, ಬಣ್ಣ, ಕಲ್ಲು, ಚರ್ಮ, ಕಡೆಯಲ್ಲಿ ಧ್ವನಿಸಾಮ್ಯದವು ಎಂಬ ಕ್ರಮ ಸರಿಹೋಗುತ್ತದೆ. ಮೋಕಾ ಎಂಬ ಹೆಸರಿನ ಹೋಟೆಲು, ಅಂಗಡಿ, ಕೆಫೆಗಳನ್ನು ಸೇರಿಸಹೊರಟರೆ ಪಟ್ಟಿಗೆ ಕೊನೆಯಿರುವುದಿಲ್ಲ. ಅವನ್ನು ಬಿಟ್ಟುಬಿಡುವುದೇ ಸರಿ.

ಪ್ರತಿ ನಮೂದನ್ನೂ ಕನಿಷ್ಠ ಎರಡು ಕಡೆ ತಾಳೆ ನೋಡಬೇಕು, ಮತ್ತು ಎರಡನೆಯದು ಮೊದಲನೆಯದನ್ನೇ ನಕಲು ಮಾಡಿದ್ದಾಗಿರಬಾರದು. ಚಂಡಮಾರುತಕ್ಕೆ ಹವಾಮಾನ ಇಲಾಖೆಯ ಪ್ರಕಟಣೆ, ತಳಿಯ ವಿಷಯಕ್ಕೆ ಕಾಫಿ ಮಂಡಳಿಯ ಪ್ರಕಟಣೆ ಅಥವಾ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರೊಂದಿಗಿನ ಮಾತುಕತೆ, ಪದದ ಮೂಲಕ್ಕೆ ಒಳ್ಳೆಯ ನಿಘಂಟು, ಹೀಗೆ ವಸ್ತುವಿಗೆ ಹತ್ತಿರದ ಆಕರವನ್ನು ಹುಡುಕಿಕೊಳ್ಳಿರಿ.

ನಮ್ಮ ಊರುಗಳ ಹೆಸರಿಗೂ ಒಂದು ಹಾಳೆ

ಮೋಕಾದ ಹಾಳೆ ಮುಗಿದ ಮೇಲೆ ಅದೇ ಕ್ರಮವನ್ನು ನಮ್ಮ ಹೆಸರುಗಳಿಗೆ ಹಚ್ಚಿ ನೋಡುವುದು ಒಳ್ಳೆಯ ಅಭ್ಯಾಸ. ‘ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಎಂಬುದು ಭಾರತದ ಉತ್ಕೃಷ್ಟ ವಾಷ್ಡ್ (ನೀರಿನಲ್ಲಿ ತೊಳೆದು ಸಂಸ್ಕರಿಸಿದ) ಅರೇಬಿಕಾ ಕಾಫಿಯ ಹೆಸರು. ಅದಕ್ಕೆ ಬೇಕಾದ ದಪ್ಪ ಬೀಜ ಬರುವ ಪ್ರದೇಶಗಳಲ್ಲಿ ಚಿಕ್ಕಮಗಳೂರು, ಬಿಳಿಗಿರಿ, ಬಾಬಾ ಬುಡನ್‌ಗಿರಿಗಳ ಜೊತೆಗೆ ಕೊಡಗೂ ಒಂದು. ಕೊಡಗಿನ ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್ (ಒಳಸಿಪ್ಪೆಯೊಂದಿಗಿನ ಕಾಫಿ ಬೀಜ) ಮೈಸೂರಿನ ಹೆಸರಿನಲ್ಲಿ ಹೊರದೇಶಕ್ಕೆ ಹೋಗುವುದು, ಯೆಮನ್‌ನ ಬೆಟ್ಟದ ಬೀಜ ಬಂದರಿನ ಹೆಸರಿನಲ್ಲಿ ಹೋದ ರೀತಿಗೆ ಬಹಳ ಹತ್ತಿರವಾಗಿದೆ. ಇದಕ್ಕೆ ಪ್ರತಿಯಾಗಿ 2019ರಲ್ಲಿ ‘ಕೂರ್ಗ್ ಅರೇಬಿಕಾ ಕಾಫಿ’ಗೆ ಭೌಗೋಳಿಕ ಸೂಚಿಕೆಯ ನೋಂದಣಿ ಸಿಕ್ಕಿದೆ, ಕೊಡಗಿನ ಕಿತ್ತಳೆಗೂ ಏಲಕ್ಕಿಗೂ ಅಂಥ ನೋಂದಣಿ ಇದೆ. ಇಲ್ಲಿ ಹೆಸರು ಬೆಳೆದ ನೆಲಕ್ಕೆ ಕಾನೂನಿನಿಂದಲೇ ಕಟ್ಟಿಬಿದ್ದಿದೆ. ಆದ್ದರಿಂದ ‘ಕೊಡಗು’ ಎಂಬ ತಲೆಬರಹದ ಹಾಳೆಯಲ್ಲಿ ನೋಂದಾಯಿತ ಹೆಸರುಗಳಿಗೂ, ಪ್ಯಾಕೆಟ್ ಮೇಲೆ ಯಾರೋ ಅಚ್ಚು ಹಾಕಿಸಿಕೊಂಡ ‘ಕೂರ್ಗ್’ಗೂ ಬೇರೆ ಬೇರೆ ಸಾಲುಗಳಿರಬೇಕು. ಮಡಿಕೇರಿಯ ಹಳೆಯ ಇಂಗ್ಲಿಷ್ ರೂಪವಾದ ಮರ್ಕೆರಾ, ಕುಶಾಲನಗರದ ಹಳೆಯ ಹೆಸರಾದ ಫ್ರೇಸರ್‌ಪೇಟೆ ಇವುಗಳನ್ನೂ ‘ಹೀಗೂ ಬರೆಯುತ್ತಾರೆ’ ಸಾಲಿನಲ್ಲಿ ಸೇರಿಸಿದರೆ ಹಳೆಯ ದಾಖಲೆ ಓದುವವರಿಗೆ ನೆರವಾಗುತ್ತದೆ.

ಹಾಳೆ ಸಿದ್ಧವಾದ ಮೇಲೆ ಅದನ್ನು ಬರೆಯದ ಇಬ್ಬರ ಕೈಗೆ ಕೊಟ್ಟು ನೋಡಿರಿ. ಒಬ್ಬರು ಕಾಫಿ ಬಲ್ಲ ಹಿರಿಯರಾಗಿರಲಿ, ಇನ್ನೊಬ್ಬರು ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯಾಗಿರಲಿ. ‘2023ರ ಮಳೆಯ ಸುದ್ದಿಯಲ್ಲಿ ಬಂದ ಮೋಚಾ ಯಾವುದು?’, ‘ಉರುಟಾದ ಬೀಜವೆಲ್ಲ ಮೊಕ್ಕವೇ?’ ಎಂಬಂತಹ ಪ್ರಶ್ನೆಗಳನ್ನು ಕೇಳಿ, ಅವರು ಯಾವ ಸಾಲಿಗೆ ಬೆರಳಿಡುತ್ತಾರೆಂದು ಗಮನಿಸಬೇಕು. ಬೆರಳು ತಪ್ಪು ಸಾಲಿಗೆ ಹೋದರೆ ಆ ಎರಡು ನಮೂದುಗಳ ಮೊದಲ ವಾಕ್ಯವನ್ನು ತಿದ್ದಿ ಬರೆಯಬೇಕು. ಹಾಳೆಯ ಹಿಂಬದಿಯಲ್ಲಿ ಪ್ರತಿ ನಮೂದನ್ನು ತಾಳೆ ನೋಡಿದ ತಾರೀಖನ್ನೂ ನೋಡಿದ ಆಕರವನ್ನೂ ಗುರುತು ಹಾಕಿ, ಹೊಸ ಅರ್ಥ ಸಿಕ್ಕಿದಾಗ ಸೇರಿಸಲು ಪ್ರತಿಯೊಂದು ಗುಂಪಿನ ಕೆಳಗೂ ಎರಡು ಮೂರು ಖಾಲಿ ಸಾಲುಗಳನ್ನು ಬಿಟ್ಟಿಡಿರಿ.